ಸಮುದ್ರದ ಭರತ ಎಷ್ಟೊತ್ತಿಗೆ ಅಂತ ಒಬ್ಬರಾದ್ರೂ ಕೇಳ್ರಪ್ಪಾ

ಬೆಳಗ್ಗೆ ಬೆಂಗಳೂರಿಗೆ ಬಂದಿಳಿದಿದ್ದೀನಿ. ಬ್ಯಾಗ್ ಇನ್ನೂ ಬಿಚ್ಚಿಲ್ಲ, ವಾಷಿಂಗ್ ಮಷೀನ್ ಹತ್ರ ಅರ್ಧ ಕೆಜಿ ಮರಳು ಸುರಿದಿದೆ, ಕಾಲಲ್ಲಿ ಗಂಡನ 10ನೇ ನಂಬರ್ ಚಪ್ಪಲಿ ಇದೆ (ಯಾಕೆ ಅಂತ ಆಮೇಲೆ ಹೇಳ್ತೀನಿ, ಈಗ ಮೂಡ್ ಇಲ್ಲ). ಮೊದಲು ಇದನ್ನ ಬರ್ದು ಮುಗಿಸ್ಬೇಕು, ಇಲ್ಲಾಂದ್ರೆ ತಿಂದಿದ್ದು ಅರಗಲ್ಲ ನಂಗೆ.

ಗೊತ್ತಿರೋರಿಗೆ ಗೊತ್ತು, ಮದುವೆಯಾಗಿ 10 ವರ್ಷ ಆಯ್ತು, ಈ ಸಲ ಹೋಟೆಲ್ಲೂ ಬೇಡ ರೆಸಾರ್ಟೂ ಬೇಡ, ಇಬ್ಬರೇ ಟೆಂಟ್ ಹೊತ್ಕೊಂಡು ಕುಮಟಾದಿಂದ ಗೋಕರ್ಣದ ತನಕ ಕಡಲ ದಂಡೆ ಹಿಡಿದು ನಡೆಯೋದು ಅಂತ ವರ್ಷದಿಂದ ಪ್ಲ್ಯಾನು. ಮಕ್ಕಳನ್ನ ಕುಮಟಾದಲ್ಲಿ ಆಯಿ ಹತ್ರ ಬಿಟ್ವಿ. ಆಯಿದು ಒಂದೇ ಪ್ರಶ್ನೆ, "ಮನೆ ಇದ್ದು, ಹಾಸಿಗೆ ಇದ್ದು, ಹೊಯ್ಗೆ ಮೇಲೆ ಮಲಗಲೆ ಎಂತ ಆಜೇ ನಿಂಗೆ?" (ಹೊಯ್ಗೆ ಅಂದ್ರೆ ಮರಳು.) ನನ್ನ ಹತ್ರ ಉತ್ತರ ಇರ್ಲಿಲ್ಲ, ಬೆಲ್ಲದ ಅವಲಕ್ಕಿ ಡಬ್ಬಿ ಇಸ್ಕೊಂಡು ಹೊರಟ್ವಿ.

ವನ್ನಳ್ಳಿಯಿಂದ ಶುರು. ಗುಡ್ಡ ಹತ್ತಿ ಇಳಿದ್ರೆ ಕಡ್ಲೆ ಬೀಚು, ಮತ್ತೆ ಗುಡ್ಡ, ಆಮೇಲೆ ಗುಡೇಅಂಗಡಿ, ಬಾಡ, ಕಾಗಾಲ. ಗುಡ್ಡದ ಮೇಲೆ ಬಿಸಿಲಿಗೆ ಕಾದ ಚಿರೆಕಲ್ಲು, ಒಣಹುಲ್ಲು, ಕೆಳಗೆ ಕಪ್ಪು ಬಂಡೆಗೆ ಹೊಡೀತಿರೋ ನೀರು. ಮಾತಾಡೋಕೆ ಮಕ್ಕಳಿಲ್ಲ, ಇಎಂಐ ಇಲ್ಲ, ಹಾಲಿನ ಪ್ಯಾಕೆಟ್ ಇಲ್ಲ. ಮೊದಲ ಒಂದು ಗಂಟೆ ಏನ್ ಮಾತಾಡ್ಬೇಕು ಅಂತ್ಲೇ ನಮ್ಮಿಬ್ಬರಿಗೆ ಗೊತ್ತಾಗ್ಲಿಲ್ಲ, ನಿಜವಾಗ್ಲೂ. ಆಮೇಲೆ ನಮ್ಮ ಮಂಡ್ಯದ ಗೌಡ್ರು "ಅಲ್ಲ ಕಣೇ, ಇಷ್ಟು ಚೆಂದದ ಊರು ಬಿಟ್ಟು ನನ್ನ ಹಿಂದೆ ಯಾಕೆ ಬಂದೆ?" ಅಂದ. ಅಷ್ಟು ಸಾಕಾಯ್ತು, ಅಲ್ಲಿಂದ ಬಾಯಿ ಮುಚ್ಚಿಲ್ಲ ನಾನು.

ಈಗ ವಿಷಯಕ್ಕೆ ಬರ್ತೀನಿ.

ಅವತ್ತು ಹುಣ್ಣಿಮೆ. ನಮ್ಮ ಕಡೆ ಸಮುದ್ರದಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಭರತ (ನೀರು ಏರೋದು) ಜೋರು, ಇಳಿತಾನೂ (ನೀರು ಇಳಿಯೋದು) ಜೋರು, ಎರಡರ ಮಧ್ಯೆ ಒಂದೂವರೆ ಎರಡು ಮೀಟರ್ ವ್ಯತ್ಯಾಸ ಇರತ್ತೆ. ಮತ್ತೆ ಆ ದಿನ ಇಳಿತ ಬರೋದು ಹೆಚ್ಚು ಕಮ್ಮಿ ಸಂಜೆ 5ಕ್ಕೆ, ಭರತ ರಾತ್ರಿ 11ರ ಸುಮಾರಿಗೆ. ಅಂದ್ರೆ ಏನಾಯ್ತು? ಟೂರಿಸ್ಟ್ ಬಂದು ಟೆಂಟ್ ಹಾಕೋ ಹೊತ್ತಿಗೆ ಸರಿಯಾಗಿ ಬೀಚು ಫುಟ್‌ಬಾಲ್ ಗ್ರೌಂಡ್ ಥರ ಹರಡಿಕೊಂಡು ಬಾ ಮಲ್ಕೋ ಬಾ ಅಂತ ಕರೀತಿರತ್ತೆ, ಎಲ್ಲರೂ ನಿದ್ದೆ ಹೋದ್ಮೇಲೆ ನೀರು ವಾಪಸ್ ಬರತ್ತೆ.

ನಾವು ಮೇಲ್ಗಡೆ ಗುರುತಿನವರ ತೆಂಗಿನ ತೋಟದ ಅಂಚಲ್ಲಿ ಕೇಳ್ಕೊಂಡು ಟೆಂಟ್ ಹಾಕಿದ್ವಿ. ಮರಳಲ್ಲಿ ಗೂಟ ನಿಲ್ಲಲ್ಲ, ಅದಕ್ಕೆ ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತು ಹಾಕ್ಬೇಕು. ಗೌಡ್ರು ಅದನ್ನ ಮಾಡ್ತಿರೋವಾಗ ನೋಡ್ತೀನಿ, ಕೆಳಗೆ ಒದ್ದೆ ಗಟ್ಟಿ ಮರಳಲ್ಲಿ ಸಾಲಾಗಿ ಎಂಟು ಟೆಂಟು! ಯಾವುದೋ ವೀಕೆಂಡ್ ಟ್ರೆಕ್ಕಿಂಗ್ ತಂಡ, ಹೆಸರು ಬೇಡ ಬಿಡಿ. ಎಲ್ಲಾ ಜೋಡಿಗಳೇ, ಟೆಂಟಿನ ಮೇಲೆ ಫೇರಿ ಲೈಟು ಬೇರೆ.

ಹೋಗಿ ಹೇಳ್ದೆ. ನೋಡಿ, ಅಲ್ಲಿ ಒಣಗಿದ ಕಸ, ಚಿಪ್ಪು, ಬಾಟಲಿ ಮುಚ್ಚಳ ಎಲ್ಲ ಸೇರಿ ಒಂದು ಗೆರೆ ಆಗಿದೆಯಲ್ಲ, ನೀರು ಅಲ್ಲಿ ತನಕ ಬರತ್ತೆ, ಅದರ ಮೇಲೆ ನೇರಳೆ ಹೂವಿನ ಅಡುಂಬು ಬಳ್ಳಿ ಹಬ್ಬಿದೆಯಲ್ಲ, ಅದರಾಚೆ ಹಾಕ್ಕೊಳ್ಳಿ ಅಂತ. ಗೈಡ್ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, "ಆಂಟಿ ಚಿಲ್, ನಾವು ಪ್ರತಿ ವಾರ ಬರ್ತೀವಿ" ಅಂದ.

ಆಂಟಿ ಅಂತೆ. ಚಿಲ್ ಅಂತೆ. 38 ವರ್ಷ ನಂಗೆ. ಇರ್ಲಿ. ಅವನು ಪ್ರತಿ ವಾರ ಬರ್ತಾನೆ ಸರಿ, ಪ್ರತಿ ವಾರ ಹುಣ್ಣಿಮೆ ಬರತ್ತಾ?

ರಾತ್ರಿ ಹತ್ತೂಮುಕ್ಕಾಲಿಗೆ ಮೊದಲ ಕಿರುಚಾಟ. ನಾವು ಟಾರ್ಚ್ ಹಿಡಿದು ಓಡಿದ್ವಿ. ನೀರು ಅಬ್ಬರಿಸಿಕೊಂಡೇನೂ ಬಂದಿರ್ಲಿಲ್ಲ, ತೆಳ್ಳಗೆ ಒಂದು ನಾಲಿಗೆ ಥರ ಟೆಂಟ್ ಕೆಳಗೆ ನುಗ್ಗಿ, ವಾಪಸ್ ಹೋಗುವಾಗ ಕೆಳಗಿನ ಮರಳನ್ನೇ ಎಳ್ಕೊಂಡು ಹೋಗ್ತಿತ್ತು. ಒಂದು ಟೆಂಟು ಫೇರಿ ಲೈಟ್ ಉರೀತಾ ಉರೀತಾನೇ ತೇಲ್ತಿತ್ತು, ಒಳಗೆ ಯಾರೂ ಇರ್ಲಿಲ್ಲ ಪುಣ್ಯಕ್ಕೆ. ಒಬ್ಬ ಹುಡುಗಿ ಪವರ್ ಬ್ಯಾಂಕ್ ಎದೆಗೆ ಅವುಚಿಕೊಂಡು ಅಳ್ತಿದ್ಲು. ಗೌಡ್ರು ಮೂರು ಟೆಂಟು, ಎರಡು ಬ್ಯಾಗು, ಒಬ್ಬ ಕುಡಿದಿದ್ದ ಹುಡುಗನ್ನ ಎಳ್ಕೊಂಡು ಮೇಲೆ ತಂದ. ಗೈಡ್ ಆಮೇಲೆ ಚಿಲ್ ಅನ್ಲಿಲ್ಲ.

ನಂಗೆ ಅರ್ಥ ಆಗದೇ ಇರೋದು ಇದೇ. ಮೊಬೈಲಲ್ಲಿ ಎಲ್ಲಾ ನೋಡ್ತಾರೆ, ಸೂರ್ಯ ಮುಳುಗೋ ಟೈಮು, ಯಾವ ಶ್ಯಾಕಲ್ಲಿ ಪಿಜ್ಜಾ ಚೆನ್ನಾಗಿದೆ, ಯಾವ ಬಂಡೆ ಮೇಲೆ ನಿಂತ್ರೆ ಫೋಟೋ ಚೆನ್ನಾಗಿ ಬರತ್ತೆ. ಭರತ ಎಷ್ಟೊತ್ತಿಗೆ? ಒಬ್ಬರೂ ನೋಡಲ್ಲ, ಒಬ್ಬರೂ ಕೇಳಲ್ಲ. ಸಮುದ್ರ ನೋಡಕ್ಕೆ ಅಂತ ಐನೂರು ಕಿಲೋಮೀಟರ್ ಬಂದು ಸಮುದ್ರ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ವಿಚಾರಿಸ್ಕೊಂಡು ಹೋಗ್ತಾರೆ.

"ನೀನು ಕಡಲ ಕಡೆಯೋಳು, ನಿಂಗೆ ಗೊತ್ತಿರತ್ತೆ, ಘಟ್ಟದ ಮೇಲಿನವರಿಗೆ ಹೇಗೆ ಗೊತ್ತಾಗ್ಬೇಕು, ಬೋರ್ಡ್ ಹಾಕ್ಬೇಕು" ಅಂತ ಈಗ ಕಾಮೆಂಟಲ್ಲಿ ಬರ್ತೀರಿ ಅಂತ ಗೊತ್ತು. ಬೋರ್ಡ್ ಹಾಕ್ಲಿ, ಬೇಡ ಅಂದವರ್ಯಾರು. ಆದ್ರೆ ಓಂ ಬೀಚಲ್ಲಿ ಕೆಂಪು ಬಾವುಟಕ್ಕೇ ಒರಗಿಕೊಂಡು ಸೆಲ್ಫಿ ತಗೊಳ್ತಿದ್ದವರನ್ನ ಕಣ್ಣಾರೆ ನೋಡಿದೀನಿ. ರಾಹುಕಾಲ ಗುಳಿಕಕಾಲ ನೋಡಿ ಕಾರ್ ಸ್ಟಾರ್ಟ್ ಮಾಡೋ ಜನ ನಾವು, ಅದೇ ಕ್ಯಾಲೆಂಡರಲ್ಲಿ ಹುಣ್ಣಿಮೆ ಎಲ್ಲಿದೆ ಅಂತ ನೋಡಕ್ಕೆ ಏನ್ ಕಷ್ಟ? ಒಂದು ದಿನದ ಭರತದ ಟೈಮ್ ಗೊತ್ತಿದ್ರೆ ಸಾಕು, ಮರುದಿನಕ್ಕೆ 50 ನಿಮಿಷ ಸೇರಿಸಿ. ನನ್ನ ಅಜ್ಜ "ದಿನಕ್ಕೆ ಎರಡು ಗಳಿಗೆ" ಅಂತಿದ್ದ, ಲೆಕ್ಕ ಹೆಚ್ಚು ಕಮ್ಮಿ ಒಂದೇ.

ಇದು ಬರೀ ಟೆಂಟ್ ಒದ್ದೆ ಆಗೋ ಮಾತಲ್ಲ. 2024ರ ಡಿಸೆಂಬರಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ಕು ಹುಡುಗೀರು ಮನೆಗೆ ವಾಪಸ್ ಹೋಗ್ಲಿಲ್ಲ. ಆ ಸುದ್ದಿ ಓದಿದ ದಿನ ಇಡೀ ದಿನ ಕೆಲಸ ಮಾಡಕ್ಕೆ ಆಗಿರ್ಲಿಲ್ಲ ನಂಗೆ. ಅಲೆ ಜೋರಾಗಿ ಒಡೆಯೋ ಜಾಗದ ಪಕ್ಕದಲ್ಲೇ ನೀರು ಸುಮ್ನೆ ಇದೆ ಅಂತ ಕಾಣತ್ತಲ್ಲ, ಎಷ್ಟೋ ಸಲ ಸೆಳೆತ ಇರೋದು ಅಲ್ಲೇ, ದಡಕ್ಕೆ ಬಂದ ನೀರೆಲ್ಲಾ ಆ ದಾರಿಲೇ ವಾಪಸ್ ಹೋಗೋದು. ನೆಮ್ಮದಿಯಾಗಿದೆ ಅಂತ ಮಕ್ಕಳನ್ನ ಇಳಿಸೋದೂ ಅಲ್ಲಿಗೇ.

ನಮ್ಮನೆ ಗೌಡ್ರಿಗೂ ಇದನ್ನ ತಲೆಗೆ ಹಾಕಕ್ಕೆ ಹತ್ತು ವರ್ಷ ಬೇಕಾಯ್ತು. ಮಂಡ್ಯದ ವಿಸಿ ನಾಲೆಲಿ ಈಜು ಕಲ್ತವನು, "ನೀರು ನಂಗೆ ಹೊಸದಲ್ಲ ಬಿಡು" ಅಂತ ಮದುವೆಯಾದ ಹೊಸದರಲ್ಲಿ ಕುಡ್ಲೆ ಬೀಚಲ್ಲಿ ಇಳಿದು, ಸೆಳೆತಕ್ಕೆ ಎದುರಾಗಿ ಕೈಕಾಲು ಬಡಿದು ಬಡಿದು ಸುಸ್ತಾಗಿ, ಕೊನೆಗೆ ಲೈಫ್‌ಗಾರ್ಡ್ ಸೀಟಿ ಊದಿ ಊದಿ ಪಕ್ಕಕ್ಕೆ ಈಜು ಅಂತ ಕೈ ಮಾಡಿದ ಮೇಲೆ ದಡ ಸೇರಿದ್ದು. ಅಯ್ಯೋ ಮಾರಾಯ, ನಾಲೆ ನೀರು ಒಂದೇ ಕಡೆ ಹರಿಯತ್ತೆ, ಬೇಡ ಅಂದ್ರೆ ಗೇಟ್ ಹಾಕ್ತಾರೆ. ಸಮುದ್ರಕ್ಕೆ ಗೇಟ್ ಹಾಕೋರ್ಯಾರು?

ಇಷ್ಟೆಲ್ಲಾ ಕೊಚ್ಚಿಕೊಳ್ಳೋ ನಂಗೆ ಈಜು ಬರಲ್ಲ. ಹೌದು, ಓದಿದ್ದು ಸರಿಯಾಗೇ ಇದೆ. ಸಮುದ್ರದಿಂದ ಮೂರು ಕಿಲೋಮೀಟರ್ ದೂರದಲ್ಲಿ ಹುಟ್ಟಿ ಬೆಳೆದು, ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸಮುದ್ರ ಅಂದ್ರೆ ದೂರದಿಂದ ಕೇಳೋ ಸದ್ದು. ಆವತ್ತು ರಾತ್ರಿ ಗೌಡ್ರು ಸೊಂಟದ ತನಕ ನೀರಲ್ಲಿ ಟೆಂಟ್ ಎಳೀತಿದ್ರೆ ನಾನು ದಡದಲ್ಲಿ ಟಾರ್ಚ್ ಹಿಡಿದು "ಸಾಕು ಬಾರೋ, ಸಾಕು ಬಾರೋ" ಅಂತ ಕೂಗೋದು ಬಿಟ್ರೆ ಬೇರೇನೂ ಮಾಡಕ್ಕೆ ಆಗ್ಲಿಲ್ಲ.

ಮರುದಿನ ಆರಕ್ಕೇ ಎದ್ದು ನಡೆದ್ವಿ, ಬೆಳಗಿನ ಇಳಿತದಲ್ಲಿ ಒದ್ದೆ ಮರಳು ಗಟ್ಟಿ ಇರತ್ತೆ, ಕಾಲು ಹೂಳಲ್ಲ. ಅಘನಾಶಿನಿ ದಕ್ಕೆಗೆ ಬಂದಾಗ ಹೆಂಗಸರು ನದಿ ಮಧ್ಯದ ದಿಬ್ಬದಿಂದ ಬಳಚು (ತಿನ್ನೋ ಚಿಪ್ಪಿ) ಹೆಕ್ಕಿಕೊಂಡು, ಸೀರೆ ಮೇಲೆ ಕಟ್ಟಿ, ಬುಟ್ಟಿ ತೇಲಿಸ್ಕೊಂಡು ವಾಪಸ್ ಬರ್ತಿದ್ರು. ಅವರ ಆಫೀಸ್ ಟೈಮಿಂಗೇ ನೀರು. ಶಿರಸಿ ಶಂಕರ ಹೊಂಡದಿಂದ ಇಲ್ಲಿ ತನಕ ಒಂದು ಅಣೆಕಟ್ಟೂ ಇಲ್ದೆ ಬರೋ ನದಿ ಇದು, ನದಿ ಸಮುದ್ರ ಸೇರೋ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಲಿ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಲಿ, ಜಾಗ ಸಿಕ್ಕಿದೆ. ದೋಣೀಲಿ ನಮ್ಮ ಜೊತೆ ಎರಡು ಬೈಕು, ಒಂದು ಸೈಕಲ್ಲು, ಶಾಲೆ ಮಕ್ಕಳು. ಆಚೆ ತದಡಿ, ಬೇಲೆಕಾನ, ಪ್ಯಾರಡೈಸ್ ಬೀಚು. ಅಲ್ಲಿಗೆ ಹೋಗೋ ಹೊತ್ತಿಗೆ ಭರತ ಏರಿತ್ತು, ಬಂಡೆ ಸುತ್ತಿ ಹೋಗೋ ದಾರಿ ನೀರಲ್ಲಿ ಮುಚ್ಚಿತ್ತು, ಹಾಫ್‌ಮೂನ್ ಬೀಚಿಗೆ ಗುಡ್ಡದ ಮೇಲಿಂದ್ಲೇ ಹೋದ್ವಿ. ಕಾಲ್ದಾರಿಲಿ ಗಂಡ ಮುಂದೆ, ನಾನು ಹಿಂದೆ, ಪಟಕ್ ಪಟಕ್ ಅಂತ ಚಪ್ಪಲಿ ಸದ್ದು.

ಹಾಂ, ಚಪ್ಪಲಿ.

ಅವತ್ತು ರಾತ್ರಿ ಹತ್ತಕ್ಕೆ ನಾನು ಗಂಡನನ್ನ ಕರ್ಕೊಂಡು ಕೆಳಗೆ ಹೋಗಿ, ಕಸದ ಗೆರೆಗಿಂತ ಎರಡು ಹೆಜ್ಜೆ ಮೇಲೆ ನನ್ನ ಚಪ್ಪಲಿ ಬಿಟ್ಟು, "ನೋಡ್ತಿರು, ನೀರು ಗೆರೆ ತನಕ ಬರತ್ತೆ, ಚಪ್ಪಲಿ ತನಕ ಬರಲ್ಲ, ಬೆಟ್ಸ್?" ಅಂತ ಪಾಠ ಮಾಡಿದ್ದೆ. ಆ ಗಲಾಟೆಲಿ ಅದರ ನೆನಪೇ ಹೋಯ್ತು. ಬೆಳಗ್ಗೆ ಬಲಗಾಲಿಂದು ಅಡುಂಬು ಬಳ್ಳಿಗೆ ಸಿಕ್ಕಿಹಾಕ್ಕೊಂಡಿತ್ತು, ಎಡಗಾಲಿಂದು ಇಲ್ಲ. ಗೌಡ್ರು ಏನೂ ಹೇಳ್ಲಿಲ್ಲ, ಬ್ಯಾಗಿಂದ ತನ್ನ ಚಪ್ಪಲಿ ತೆಗೆದು ಮುಂದಿಟ್ಟು, "ಚಿಲ್ ಆಂಟಿ" ಅಂದ.

ತದಡಿ, ಬೇಲೆಕಾನ ಕಡೆ ಇರೋ ಫ್ರೆಂಡ್ಸ್, ದಂಡೆಲಿ ನೀಲಿ ಪಟ್ಟಿದು 6ನೇ ನಂಬರ್ ಎಡಗಾಲಿನ ಚಪ್ಪಲಿ ಕಂಡ್ರೆ ಒಂದು ಮೆಸೇಜ್ ಹಾಕಿ. ಬಲಗಾಲಿಂದು ಇನ್ನೂ ಬಿಸಾಕಿಲ್ಲ.