ನಾಲೆ ಬಯಲಿನ ಭತ್ತಕ್ಕೆ ಕಾರ್ಬನ್ ಕ್ರೆಡಿಟ್: ಮಂಡ್ಯದ ರೈತ ಸಹಿ ಹಾಕಬೇಕೆ?

ಪರ: ಹಾಕಲಿ, ನೀರಾದರೂ ಉಳಿಯುತ್ತದೆ

ಗದ್ದೆಯಿಂದ ಏಳುವ ಅನಿಲವನ್ನು ತಗ್ಗಿಸಿ, ಆ ಕಡಿತವನ್ನು ಟನ್ ಲೆಕ್ಕದಲ್ಲಿ ಹೊರಗಿನವರಿಗೆ ಮಾರುವುದೇ ಕಾರ್ಬನ್ ಕ್ರೆಡಿಟ್. ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ತಗುಲುವುದಿಲ್ಲ. ಅಲ್ಲಿನ ಸೂಕ್ಷ್ಮಾಣುಗಳು ಮೀಥೇನ್ ಹುಟ್ಟಿಸುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಶಾಖ ಹಿಡಿಯುತ್ತದೆ.

ತಡೆಯುವ ದಾರಿ ಕಷ್ಟದ್ದಲ್ಲ: ಗದ್ದೆಯನ್ನು ನಡುನಡುವೆ ಒಣಗಿಸುವುದು. ಮಣ್ಣಿನೊಳಗಿನ ನೀರಿನ ಮಟ್ಟ ನೋಡಲು ಒಂದು ಪೈಪ್ ಸಾಕು. ಒಂದಡಿ ಪಿವಿಸಿ ಪೈಪಿನ ಕೆಳ ಅರ್ಧಕ್ಕೆ ತೂತು ಕೊರೆದು, ಅಷ್ಟನ್ನು ಗದ್ದೆಯಲ್ಲಿ ಹೂತು, ಒಳಗಿನ ಕೆಸರು ತೆಗೆಯಬೇಕು. ನಾಟಿಯಾದ ಮೊದಲೆರಡು ವಾರ ನೀರು ನಿಂತಿರಲಿ, ಇಲ್ಲವಾದರೆ ಕಳೆ ಗೆಲ್ಲುತ್ತದೆ. ಆಮೇಲೆ ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಹಾಯಿಸಿ, 5 ಸೆಂ.ಮೀ. ನಿಲ್ಲಿಸಿದರೆ ಸಾಕು. ಹೂವಿನ ಹೊತ್ತಿನಲ್ಲಿ ಮಾತ್ರ ಒಣಗಿಸಬಾರದು, ಕಾಳು ಜೊಳ್ಳಾಗುತ್ತದೆ.

ಸುಪ್ರೀಂ ಕೋರ್ಟ್ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟ ಕಾವೇರಿ ಪಾಲು 284.75 ಟಿಎಂಸಿ. ಅದರೊಳಗೇ ಭತ್ತ, ಕಬ್ಬು, ಬೆಂಗಳೂರಿನ ಕುಡಿಯುವ ನೀರು. ಮುಂಗಾರು ಕೈಕೊಟ್ಟ ವರ್ಷ ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಹೊರಗಿನವರು ದುಡ್ಡು ಕೊಡುತ್ತೇವೆಂದರೆ ಬೇಡ ಎನ್ನುವುದೇಕೆ? ದೇಶದೇಶಗಳ ನಡುವೆ ಇಂಥ ಕಡಿತವನ್ನು ಮಾರಿ ಕೊಳ್ಳುವ, ಪ್ಯಾರಿಸ್ ಹವಾಮಾನ ಒಪ್ಪಂದದ 6ನೇ ವಿಧಿಯ ವ್ಯಾಪಾರಕ್ಕೆ 2021ರಲ್ಲಿ ಗ್ಲಾಸ್ಗೋದಲ್ಲಿ ನಿಯಮ ಬಂತು, ಬಾಕಿ ಉಳಿದದ್ದು 2024ರಲ್ಲಿ ಬಾಕುವಿನಲ್ಲಿ ಇತ್ಯರ್ಥವಾಯಿತು.

ವಿರೋಧ: ಪೈಪ್ ಹೂಳಲಿ, ಸಹಿ ಬೇಡ

'ಹೇಗೂ ಮಾಡಲೇಬೇಕಾದ ಕೆಲಸ' ಎಂದಿರಲ್ಲ, ತೊಡಕಿರುವುದೇ ಅಲ್ಲಿ. ಯೋಜನೆ ಇಲ್ಲದಿದ್ದರೆ ಆಗದಿದ್ದ ಉಳಿತಾಯಕ್ಕೆ ಮಾತ್ರ ಕ್ರೆಡಿಟ್. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಟ್ಟಾಗ ಕೊನೆ ಭಾಗದ ಗದ್ದೆ ತಾನಾಗಿಯೇ ಒಣಗುತ್ತದೆ. ಅದನ್ನು ಮಾರಿದರೆ ಸುಳ್ಳು ಲೆಕ್ಕ. ನಾಲೆಯ ತಲೆಯಲ್ಲಿರುವವನು ಒಣಗಿಸಿದರೆ ನಿಜವಾದ ಉಳಿತಾಯ, ಆದರೆ ಅವನ ಕೈಯಲ್ಲಿ ತೂಬಿಲ್ಲ. ಮೇಲಿನ ಗದ್ದೆಯ ನೀರು ಬದು ದಾಟಿ ಅವನ ಗದ್ದೆಗೆ ಇಳಿಯುತ್ತದೆ. ಒಬ್ಬನ ಪೈಪ್ ಅಲ್ಲಿ ಅಲಂಕಾರಕ್ಕೆ.

ದುಡ್ಡಿನ ಲೆಕ್ಕವನ್ನೂ ನೋಡಿ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2019ರ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾದ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 0.85 ಕಿಲೋ ಮೀಥೇನ್. 112 ದಿನಕ್ಕೆ ಸುಮಾರು 95 ಕಿಲೋ. ಹಲವು ಸಲ ಒಣಗಿಸಿದರೆ ಶೇ. 45 ಕಡಿತ. ಉಳಿದ ಮೀಥೇನನ್ನು ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತರಲು 27ರಿಂದ ಗುಣಿಸಿ ಎಕರೆಗೆ ಇಳಿಸಿದರೆ ಒಂದು ಬೆಳೆಗೆ ಅರ್ಧ ಟನ್ನೂ ಇಲ್ಲ. ಟನ್ನಿಗೆ ಹತ್ತು ಡಾಲರ್ ಅಂದುಕೊಂಡರೂ ಐನೂರು ರೂಪಾಯಿ ಮುಟ್ಟುವುದು ಅನುಮಾನ. ಅಳತೆ, ತಪಾಸಣೆ, ಮಧ್ಯವರ್ತಿ, ಎಲ್ಲರ ಪಾಲೂ ಅದರಲ್ಲೇ. ಅತಿಯಾಗಿ ಒಣಗಿಸಿ ಯೂರಿಯಾ ಎರಚಿದರೆ ಶಾಖ ಹಿಡಿಯುವ ಇನ್ನೊಂದು ಅನಿಲ ನೈಟ್ರಸ್ ಆಕ್ಸೈಡ್ ಏಳುತ್ತದೆ, ಗಳಿಸಿದ್ದರಲ್ಲಿ ಒಂದಷ್ಟು ಅಲ್ಲಿಗೇ ಹೋಯಿತು.

ಕಾಗದದ ಮೇಲಿನ ಕ್ರೆಡಿಟ್ ಎಷ್ಟು ಗಟ್ಟಿ ಎಂಬುದಕ್ಕೆ ಚೀನಾ ಸಾಕ್ಷಿ: ಅಲ್ಲಿನ 37 ಭತ್ತದ ಯೋಜನೆಗಳನ್ನು ಕ್ರೆಡಿಟ್‌ಗೆ ಮಾನ್ಯತೆ ಕೊಡುವ ವೆರಾ ಸಂಸ್ಥೆ 2024ರಲ್ಲಿ ತಿರಸ್ಕರಿಸಿತು. 6ನೇ ವಿಧಿಯಡಿ ಹೊರದೇಶಕ್ಕೆ ಮಾರಿದ ಕಡಿತವನ್ನು ಭಾರತ ತನ್ನ ಲೆಕ್ಕದಲ್ಲಿ ತೋರಿಸುವಂತೆಯೂ ಇಲ್ಲ. ಊಟಕ್ಕೆ ಬೆಳೆದವನ ಅನಿಲವನ್ನು ಕೊಂಡು ಕಾರ್ಖಾನೆಯವನು ಹೊಗೆ ಬಿಡುವುದನ್ನು ಹವಾಮಾನ ನ್ಯಾಯ ಎನ್ನಲಾಗದು.

ನೀರು ಉಳಿಸುವುದೇ ಗುರಿಯಾದರೆ ಮೊದಲು ಹೊಲಗಾಲುವೆ ತೋಡಿ, ಪ್ರತಿ ಗದ್ದೆಗೂ ಅದರದೇ ತೂಬು ಸಿಗಲಿ. ಆ ಖರ್ಚು ಯಾವ ಕ್ರೆಡಿಟ್ ಒಪ್ಪಂದದಲ್ಲೂ ಹುಟ್ಟುವುದಿಲ್ಲ; ಸರ್ಕಾರವೇ ಭರಿಸಬೇಕು.