ಕೊಡಿ ಇಲ್ಲಿ, ನಾನೇ ನೋಡುತ್ತೇನೆ

ಬ್ಯಾಂಕಿನಿಂದ ಬಂದು ಗಂಟೆಗಳಾದವು, ಸಿಟ್ಟು ಇನ್ನೂ ಇಳಿದಿಲ್ಲ. ಮನೆಯವಳು ಊಟಕ್ಕೆ ಕರೆದು ಕರೆದು ಸುಮ್ಮನಾಗಿದ್ದಾಳೆ. ಬರೆದರಾದರೂ ಇಳಿದೀತು ಎಂದು ಕುಳಿತಿದ್ದೇನೆ.

ಸಾಲಿನಲ್ಲಿ ನನ್ನ ಮುಂದೆ ಒಬ್ಬ ತಾಯಿ ನಿಂತಿದ್ದರು. ಅರವತ್ತರ ಆಸುಪಾಸು. ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್ಕು, ಕೈಯಲ್ಲಿ ಗುಂಡಿ ಒತ್ತುವ ಹಳೆಯ ಮೊಬೈಲ್. ಪಕ್ಕದ ಹುಡುಗನಿಗೆ ಅದನ್ನು ತೋರಿಸಿ, ಗೃಹಲಕ್ಷ್ಮಿ ದುಡ್ಡು ಬಂದಿದೆಯೇ ನೋಡಪ್ಪ ಎಂದರು. ಅವನು "ಕೊಡಿ ಇಲ್ಲಿ" ಎಂದು ಕಿತ್ತುಕೊಂಡವನೇ ನೋಡಿ, "ಎರಡು ಸಾವಿರ ಬಂದಿದೆ ಅಜ್ಜಿ" ಎಂದು ಮರಳಿಸಿದ. ಆಕೆ ಬಿಡಲಿಲ್ಲ. "ಬಂದದ್ದು ಗೊತ್ತಾಯಿತು, ಅದು ಎಲ್ಲಿ ಬರೆದಿದೆ ತೋರಿಸು" ಎಂದರು. ಹುಡುಗ ನಕ್ಕ. "ಈ ವಯಸ್ಸಿನಲ್ಲಿ ಅದನ್ನೆಲ್ಲ ಕಲಿತು ಏನು ಮಾಡುತ್ತೀರಿ? ತಿಂಗಳು ತಿಂಗಳು ಯಾರಾದರೂ ಹೇಳುತ್ತಾರೆ ಬಿಡಿ." ಸಾಲಿನಲ್ಲಿದ್ದವರೂ ನಕ್ಕರು. ಬಹಳ ಒಳ್ಳೆಯ ಹುಡುಗ ಎಂಬಂತೆ ಒಬ್ಬರು ತಲೆಯನ್ನೂ ಆಡಿಸಿದರು.

ನಾನು ಲೆಕ್ಕದ ಮಾಸ್ತರು, ನಿಮಗೆ ಗೊತ್ತೇ ಇದೆ. ನಿವೃತ್ತನಾದರೂ ಚಟ ಹೋಗಿಲ್ಲ. ಆ ಸಂದೇಶವನ್ನು ತೆರೆದು ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆಗೆ ಅಂಕಿಗಳು ಬರುತ್ತವೆ, ನೋಟು ಎಣಿಸಿ ಎಣಿಸಿ ಬಂದಿವೆ. ಪರದೆಯ ಮೇಲೆ 2000.00 ಎಂದಿತ್ತು. ಸೊನ್ನೆಗಳನ್ನು ಒಂದೊಂದಾಗಿ ಎಣಿಸಿ, "ಇದು ಎರಡು ಲಕ್ಷವಲ್ಲವೇ?" ಎಂದು ಕೇಳಿದರು. ಚುಕ್ಕಿಯ ಆಚೆಗಿರುವುದು ಪೈಸೆ ಎಂದು ವಿವರಿಸಿದೆ. ಅರೆಕ್ಷಣ ಯೋಚಿಸಿ ಮತ್ತೆ ಕೇಳಿದರು: "ಪೈಸೆ ಈಗ ಎಲ್ಲಿದೆ? ಇಲ್ಲದ್ದನ್ನು ಯಾಕೆ ಬರೆಯುತ್ತಾರೆ?" ದಶಮಾಂಶದ ಪಾಠ ಮಾಡಿದ ಇಡೀ ಸರ್ವೀಸಿನಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಕಲಿತು ಏನು ಮಾಡುತ್ತೀರಿ ಎಂದು ಕೇಳಿಸಿಕೊಂಡವರು ಇವರು!

ನನ್ನ ತಕರಾರು ಆ ಹುಡುಗನ ನಗುವಿನ ಮೇಲಲ್ಲ, ಕಿತ್ತುಕೊಂಡ ಆ ಕೈಯ ಮೇಲೆ. ದೊಡ್ಡವರಿಗೆ ಕಲಿಯುವ ಮನಸ್ಸಿಲ್ಲ ಎಂದು ಭಾಷಣ ಮಾಡುವವರನ್ನು ಬಹಳ ಕೇಳಿದ್ದೇನೆ. ಮನಸ್ಸು ಧಾರಾಳವಾಗಿ ಇದೆ. ಅವರು ಬಾಯಿ ತೆರೆಯುವುದರೊಳಗೆ ಅರ್ಜಿ, ಮೊಬೈಲು, ಎಟಿಎಂ ಕಾರ್ಡು ಎಲ್ಲವೂ ಇನ್ನೊಬ್ಬರ ಕೈಯಲ್ಲಿರುತ್ತವೆ. ಅದಕ್ಕೆ ಸಹಾಯ ಎಂಬ ಹೆಸರು ಬೇರೆ.

ನಮ್ಮ ಕಲ್ಯಾಣ ಕರ್ನಾಟಕದ ಭಾಗಕ್ಕೆ ಇದು ಹೊಸದೇನಲ್ಲ. ನಮ್ಮ ಅಜ್ಜನ ಹೊಲದ ಕಾಗದಗಳು ಟ್ರಂಕಿನಲ್ಲಿವೆ, ಎಲ್ಲವೂ ಉರ್ದುವಿನಲ್ಲಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಪ್ರಜೆಗಳು. ಹೊಲದಲ್ಲಿ ಕನ್ನಡ, ದಫ್ತರದಲ್ಲಿ ಉರ್ದು. ಅಜ್ಜನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಓದಿ ಹೇಳಿದವರ ಮಾತು ನಂಬಿ ಹೆಬ್ಬೆಟ್ಟು ಒತ್ತಿದ. ಅಪ್ಪ ಅದೇ ಕಾಗದ ಹಿಡಿದು ಅನುವಾದ ಮಾಡಿಕೊಡುವವರ ಹತ್ತಿರ ಹೋದ. ಅವರು ಪುಟಕ್ಕಿಷ್ಟು ಎಂದು ದುಡ್ಡು ಎಣಿಸಿಕೊಂಡು "ಎಲ್ಲ ಸರಿಯಾಗಿದೆ" ಎಂದರು. ಏನು ಸರಿಯಾಗಿದೆ ಎಂದು ಅಪ್ಪ ಕೇಳಲಿಲ್ಲ. ಕೇಳಿದ್ದರೂ "ನಿಮಗೇಕೆ ಅದೆಲ್ಲ" ಎನ್ನುತ್ತಿದ್ದರು. ಓದಬಲ್ಲವನಿಗೆ ಓದಲಾರದವನು ಯಾವಾಗಲೂ ಒಳ್ಳೆಯ ಗಿರಾಕಿ.

ಅದಕ್ಕೇ ನಿವೃತ್ತಿಯ ಮೇಲೆ ಉರ್ದು ಕಲಿಯಲು ಹೊರಟೆ. ಹತ್ತಿರದವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ. ರೋಜಾ ಬಡಾವಣೆಯಲ್ಲಿ ನಿವೃತ್ತ ಉಸ್ತಾದರೊಬ್ಬರ ಮನೆಯಲ್ಲಿ, ಮೂರನೇ ತರಗತಿಯ ಮಕ್ಕಳ ಸಾಲಿನಲ್ಲಿ ನಾನು. ಕಾಯಿದಾ, ಅಂದರೆ ಅಕ್ಷರ ಕಲಿಸುವ ಮೊದಲ ಪುಸ್ತಕ, ಕೊಳ್ಳಲು ಹೋದಾಗ ಅಂಗಡಿಯವರು "ಮೊಮ್ಮಗನಿಗಾ ಸರ್?" ಎಂದು ಕೇಳಿದರು. ಹೌದು ಎಂದುಬಿಟ್ಟೆ! ಬೇ, ಪೇ, ತೇ ಮೂರಕ್ಕೂ ಒಂದೇ ಆಕಾರ. ಚುಕ್ಕಿ ಕೆಳಗೆ ಒಂದಿದ್ದರೆ ಬೇ, ಮೂರಿದ್ದರೆ ಪೇ, ಮೇಲೆ ಎರಡಿದ್ದರೆ ತೇ. ಮುದ್ರಿತ ಪುಸ್ತಕದಲ್ಲಿ ಇದು ಸರಿ. ಹಳೆಯ ಕಾರಕೂನರ ಅವಸರದ ಕೈಬರಹದಲ್ಲಿ ಆ ಚುಕ್ಕಿಗಳೇ ಮಾಯ. ಹ್ರಸ್ವ ಸ್ವರಗಳನ್ನಂತೂ ಬರೆಯುವ ರೂಢಿಯೇ ಇಲ್ಲ. ಓದುವವನೇ ತುಂಬಿಕೊಳ್ಳಬೇಕು.

ಮೊದಲು ಕಣ್ಣಿಗೆ ಹತ್ತಿದ್ದು 'ವಲ್ದ್' ಎಂಬ ಪದ, ಇಂಥವನ ಮಗ ಎಂದು ಅರ್ಥ. ಅದರ ಮುಂದೆ ಮುತ್ತಜ್ಜನ ಹೆಸರು. ಆಮೇಲೆ 'ಮೌಜೆ', ಅಂದರೆ ಊರು. ಆಮೇಲೆ ಖುಷ್ಕಿ, ಅಂದರೆ ಮಳೆಯನ್ನೇ ನಂಬಿದ ಹೊಲ. ಇಸವಿ 1340 ಎಂದಿತ್ತು. ಅದು ಫಸಲಿ, ನಿಜಾಮರ ಕಾಲದ ಕಂದಾಯದ ಲೆಕ್ಕದ ಇಸವಿ. 590 ಕೂಡಿಸಿದರೆ 1930-31. ಲೆಕ್ಕದ ಮಾಸ್ತರು ಅಲ್ಲೊಂದು ಕಡೆಯಾದರೂ ಗೆದ್ದರು.

"ಈಗ ಮೊಬೈಲ್ ಹಿಡಿದರೆ ಅದೇ ಓದಿ ಹೇಳುತ್ತದಲ್ಲ" ಎಂದು ನಮ್ಮ ಅಳಿಯಂದಿರು ತಿಳಿಹೇಳಿದರು. ಹಿಡಿದೆ. ಅಜ್ಜನ ಖುಷ್ಕಿಯನ್ನು ಅದು ಸಂತೋಷ ಎಂದು ಓದಿತು. ಸಂತೋಷವಾಯಿತು.

ಇನ್ನೊಂದು ವಾದವೂ ಇದೆ. ಎಲ್ಲರಿಗೂ ಹೊಟ್ಟೆಪಾಡಿದೆ, ಪುರುಸೊತ್ತಿಲ್ಲ, ಎಲ್ಲರೂ ಎಲ್ಲವನ್ನೂ ಕಲಿಯಬೇಕಾಗಿಲ್ಲ, ಗೊತ್ತಿದ್ದವರು ಮಾಡಿಕೊಟ್ಟರೆ ತಪ್ಪೇನು ಎಂಬುದು. ಹಲ್ಲು ಕೀಳುವುದನ್ನು ನಾನೂ ಡಾಕ್ಟರರಿಗೇ ಬಿಡುತ್ತೇನೆ, ಒಪ್ಪಿದೆ. ಆದರೆ ಆ ತಾಯಿ ಕೇಳಿದ್ದು ತನ್ನ ದುಡ್ಡು ಎಲ್ಲಿ ಬರೆದಿದೆ ಎಂದು. ತೋರಿಸಲು ಅರ್ಧ ನಿಮಿಷ ಸಾಕಿತ್ತು. ಪುರುಸೊತ್ತಿಲ್ಲದ ಆ ಹುಡುಗ ಆಮೇಲೆ ಸಾಲಿನಲ್ಲೇ ನಿಂತು ಕ್ರಿಕೆಟ್ ನೋಡುತ್ತಿದ್ದ.

ಓದಿದವರ ಕಥೆಯಂತೂ ಹೇಳಬಾರದು. ನಮ್ಮ ಭಾಗಕ್ಕೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಕಲಂ ಬಂದ ಮೇಲೆ ನಮ್ಮ ಮಕ್ಕಳಿಗೆ ನೌಕರಿಯ ಬಾಗಿಲು ತೆರೆಯಿತು, ಅದು ಆಗಲೇಬೇಕಿತ್ತು. ಊರ ತುಂಬ ಕೋಚಿಂಗ್ ಸೆಂಟರುಗಳಾದವು. ನೇಮಕಾತಿ ಆದೇಶ ಬಂದ ವಾರದಲ್ಲೇ ಪುಸ್ತಕಗಳೆಲ್ಲ ರದ್ದಿ ಅಂಗಡಿಗೆ. ಮುಂದೆ ಜೀವಮಾನವಿಡೀ ಏನನ್ನೂ ಕೇಳುವ ಹಾಗಿಲ್ಲ. ಕೇಳಿದರೆ ಗೊತ್ತಿಲ್ಲ ಎಂದಾಗುತ್ತದೆ, ಗೊತ್ತಿಲ್ಲ ಎಂದಾದರೆ ಸಾಹೇಬರ ಗತ್ತು ಏನಾಗಬೇಕು? 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕೊನೆ. ಆ ಅಂಕಿ ಹಿಡಿದು ವೇದಿಕೆಯಲ್ಲಿ ನಿಟ್ಟುಸಿರು ಬಿಡುವವರೂ ಇವರೇ, ಕಚೇರಿಯಲ್ಲಿ "ಕೊಡಿ ಇಲ್ಲಿ" ಎಂದು ಕೈಚಾಚುವವರೂ ಇವರೇ.

ಬೀದರಿನ ಮಹಮೂದ್ ಗಾವಾನನ ಮದರಸಾ ನೋಡಿದ್ದೀರಲ್ಲ? ಇರಾನಿನ ಗೀಲಾನಿನಿಂದ ಬಂದ ವ್ಯಾಪಾರಿ ಆತ, ಬರುವಾಗಲೇ ನಲವತ್ತು ದಾಟಿತ್ತು. ಬಹಮನಿಗಳ ವಜೀರನಾಗಿ 1472ರಲ್ಲಿ ಅದನ್ನು ಕಟ್ಟಿಸಿದ. ಅಂಥ ವಿದ್ವಾಂಸನ ತಲೆ 1481ರಲ್ಲಿ ಹೋದದ್ದು ಒಂದು ಕಾಗದದಿಂದ. ವೈರಿಗಳು ಖಾಲಿ ಹಾಳೆಗೆ ಅವನ ಮುದ್ರೆ ಒತ್ತಿಸಿಕೊಂಡು ತಮಗೆ ಬೇಕಾದದ್ದನ್ನು ಬರೆದರು. ಸುಲ್ತಾನ ವಿಚಾರಿಸುವ ಗೋಜಿಗೆ ಹೋಗಲಿಲ್ಲ. ವಜೀರನ ಮುದ್ರೆಗೇ ಈ ಗತಿಯಾದರೆ ನಮ್ಮ ಅಜ್ಜನ ಹೆಬ್ಬೆಟ್ಟು ಯಾವ ಲೆಕ್ಕ?

ಅಂದ ಹಾಗೆ ಕಾಗದದ ಕೊನೆಯ ಅರ್ಧ ಪುಟ ನನಗೆ ಇನ್ನೂ ಬಿಡಿಸಲಾಗಿಲ್ಲ. ಅಲ್ಲಿ ಮೊತ್ತವನ್ನು ಅಂಕಿಯಲ್ಲಿ ಬರೆಯದೆ ರಕಮಿನಲ್ಲಿ ಬರೆದಿದ್ದಾರೆ, ಹಳೆಯ ಲೆಕ್ಕಿಗರ ಸಂಕೇತಗಳು. ಉಸ್ತಾದರಿಗೂ ಅದು ಬರುವುದಿಲ್ಲ. ಬರುವುದಿಲ್ಲ ಎಂದು ಅವರು ಮಕ್ಕಳ ಮುಂದೆಯೇ ಹೇಳಿದರು, ಅಂದಿನಿಂದ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಗಿದೆ. ಕಲಬುರಗಿ, ಬೀದರ್ ಕಡೆ ರಕಮು ಬಲ್ಲ ಹಿರಿಯರು ಇದ್ದರೆ ತಿಳಿಸಿ, ನಾನೇ ಮನೆಗೆ ಬರುತ್ತೇನೆ. ಓದಿ ಹೇಳುವುದು ಬೇಡ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವುದಾದರೆ ಮಾತ್ರ.