ಸ್ವಲ್ಪ ಗೋಡೆ ಸರಿಸಿ ಸ್ವಾಮಿ

ಮನೆ ಕಟ್ಟಿಸಿದವರಿಗೆ ಮೇಸ್ತ್ರಿಗಳ ಗುಣ ಗೊತ್ತಿರುತ್ತದೆ. ಬಚ್ಚಲಿನ ಬಾಗಿಲು ಕಿರಿದಾಯಿತು ಎಂದರೆ ಅವರು ಬಾಗಿಲನ್ನು ನೋಡುವುದಿಲ್ಲ, ನಿಮ್ಮ ಹೊಟ್ಟೆಯನ್ನು ನೋಡುತ್ತಾರೆ. ಆದರೂ ಎಂಥ ಮೇಸ್ತ್ರಿಯೂ, "ಕೋಣೆ ಚಿಕ್ಕದಾಗಿದೆ, ಗೋಡೆಯನ್ನು ನೀವೇ ಒಂದಡಿ ಆಚೆಗೆ ಸರಿಸಿಕೊಳ್ಳಿ, ವಿಧಾನ ಈ ಚೀಟಿಯಲ್ಲಿದೆ" ಎಂದು ಹೇಳಿ ಸೈಕಲ್ ಹತ್ತಿ ಹೋದದ್ದನ್ನು ನಾನು ಕೇಳಿಲ್ಲ. ಅಷ್ಟು ಧೈರ್ಯ ಬರಬೇಕಾದರೆ ಮೈಕ್ರೋಸಾಫ್ಟ್‌ನಷ್ಟು ದೊಡ್ಡ ಕಂಪನಿಯೇ ಆಗಿರಬೇಕು.

2024ರ ಜನವರಿ 9ರಂದು ವಿಂಡೋಸ್ 10 ಇದ್ದ ಕಂಪ್ಯೂಟರ್‌ಗಳಿಗೆ ಕೆಬಿ5034441 ಎಂಬ ಅಪ್‌ಡೇಟ್ ಬಂತು. ಉದ್ದೇಶ ಒಳ್ಳೆಯದೇ. ಬಿಟ್‌ಲಾಕರ್ ಎಂಬ ವಿಂಡೋಸ್‌ನದೇ ಬೀಗ ಜಡಿದ ಡಿಸ್ಕನ್ನು, ಕಂಪ್ಯೂಟರನ್ನೇ ಹೊತ್ತೊಯ್ದ ಕಳ್ಳ ಹಿತ್ತಿಲ ಬಾಗಿಲಿನಿಂದ ತೆರೆಯಬಹುದಾದ ದಾರಿಯೊಂದಿತ್ತು, ಅದನ್ನು ಮುಚ್ಚಬೇಕಿತ್ತು. ಆ ಹಿತ್ತಿಲ ಬಾಗಿಲು ಇದ್ದದ್ದು ಡಿಸ್ಕಿನೊಳಗೆ ಬೇರೆಯಾಗಿ ಕಟ್ಟಿದ ರಿಕವರಿ ಪಾರ್ಟಿಷನ್ ಎಂಬ ಕಿರುಕೋಣೆಯಲ್ಲಿ. ವಿಂಡೋಸ್ ಕೆಟ್ಟು ಕುಳಿತಾಗ ರಿಪೇರಿಗೆ ಬೇಕಾಗುವ ಸಲಕರಣೆಗಳೆಲ್ಲ ಇರುವುದು ಅಲ್ಲಿಯೇ. ಹೊಸ ಸಲಕರಣೆ ಇಡಲು ಆ ಕೋಣೆಯಲ್ಲಿ 250 ಎಂಬಿ ಖಾಲಿ ಇರಬೇಕಾಗಿತ್ತು. ಎಷ್ಟೋ ಹಳೆಯ ಕಂಪ್ಯೂಟರ್‌ಗಳಲ್ಲಿ ಇರಲಿಲ್ಲ. ಪಕ್ಕದ ಹಜಾರದಲ್ಲಿ ನೂರು ಜಿಬಿ ಖಾಲಿ ಬಿದ್ದಿದ್ದರೂ ಅದು ಲೆಕ್ಕಕ್ಕಿಲ್ಲ. ಇನ್ನು ಆ ಕೋಣೆಯನ್ನು ಅಳೆದು ಕಟ್ಟಿದವರು ಯಾರು? ಒಂದೋ ವಿಂಡೋಸ್‌ನ ಇನ್‌ಸ್ಟಾಲರ್, ಇಲ್ಲವೇ ಕಂಪ್ಯೂಟರ್ ತಯಾರಿಸಿದವರು. ದುಡ್ಡು ಕೊಟ್ಟು ಕೊಂಡವನಿಗೆ ಮನೆಯಲ್ಲಿ ಅಂಥದ್ದೊಂದು ಕೋಣೆ ಇದೆಯೆಂಬ ಸುದ್ದಿಯೇ ಇರಲಿಲ್ಲ.

ಈಗ ಒಬ್ಬ ನಿವೃತ್ತ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಹತ್ತು ವರ್ಷದ ಹಳೆಯ ಕಂಪ್ಯೂಟರ್, ಅದರ ಮಾನಿಟರಿಗೆ ಕಸೂತಿ ಹಾಕಿದ ಹೊದಿಕೆ. ಡಿ ಡ್ರೈವ್‌ನಲ್ಲಿ ಮೊಮ್ಮಗಳ ನಾಮಕರಣದ ಫೋಟೋಗಳು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ನಾನ್ನೂರು ಪುಟ ಊರಿನ ಇತಿಹಾಸ. ಮೇಷ್ಟ್ರು ಅಪ್‌ಡೇಟ್ ಒತ್ತುತ್ತಾರೆ. ಶೇಕಡಾವಾರು ಏರುತ್ತ ಹೋಗುತ್ತದೆ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಕೆಂಪಕ್ಷರ. ಅಪ್‌ಡೇಟ್ ಅಳವಡಿಸುವಾಗ ಕೆಲವು ತೊಂದರೆಗಳಾದವಂತೆ, ಆಮೇಲೆ ಮತ್ತೆ ಪ್ರಯತ್ನಿಸುತ್ತಾರಂತೆ. ಇದೇ ಸಂದೇಶ ಪದೇ ಪದೇ ಬಂದರೆ ಜಾಲದಲ್ಲಿ ಹುಡುಕಿಕೊಳ್ಳಬಹುದಂತೆ. ಅದಕ್ಕೆ ನೆರವಾಗಲೆಂದು ಒಂದು ಸಂಖ್ಯೆ: 0ಎಕ್ಸ್80070643.

ಈ ಸಂಖ್ಯೆಯ ಅರ್ಥ ಬಿಡಿಸಿದರೆ ಸಿಗುವುದು 'ಇನ್‌ಸ್ಟಾಲ್ ವಿಫಲ' ಎಂಬ ಎರಡೇ ಪದ. ಅಂದರೆ ಇನ್‌ಸ್ಟಾಲ್ ಏಕೆ ವಿಫಲವಾಯಿತೆಂದರೆ, ಇನ್‌ಸ್ಟಾಲ್ ವಿಫಲವಾದ್ದರಿಂದ. ತಡವಾಗಿ ಬಂದ ಹುಡುಗ "ತಡವಾಯಿತು, ಅದಕ್ಕೇ ತಡ ಸಾರ್" ಎಂದಾಗ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು ಇಲ್ಲಿ ಸುಮ್ಮನೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಮತ್ತೆ ಒತ್ತುತ್ತಾರೆ. ಮತ್ತೆ ಅದೇ ಸಂಖ್ಯೆ. "ರೀ, ಅದು ನಿಮ್ಮ ಮಾತು ಕೇಳುತ್ತಿಲ್ಲವೋ, ನೀವು ಅದರ ಮಾತು ಕೇಳುತ್ತಿಲ್ಲವೋ?" ಎಂದು ಒಳಗಿನಿಂದ ಪ್ರಶ್ನೆ ಬರುತ್ತದೆ.

ಸ್ವಾರಸ್ಯವೆಂದರೆ ಆ ಸಂಖ್ಯೆಯೂ ತಪ್ಪೇ. ಜಾಗ ಸಾಲದು ಎಂದು ಹೇಳುವ ಬೇರೆಯೇ ಸಂದೇಶ ಬರಬೇಕಿತ್ತು, ತಪ್ಪನ್ನು ತಿಳಿಸುವ ವ್ಯವಸ್ಥೆಯಲ್ಲೇ ದೋಷವಿದ್ದುದರಿಂದ ಇದು ಬಂತು ಎಂದು ಕಂಪನಿಯೇ ಬರೆದುಕೊಂಡಿತು. ರಿಕವರಿ ಪಾರ್ಟಿಷನ್ನೇ ಇಲ್ಲದ ಕಂಪ್ಯೂಟರ್‌ಗಳಲ್ಲೂ ಇದೇ ಸಂಖ್ಯೆ ಕುಣಿಯಿತು. ಅಂಥವರಿಗೆ ಈ ಅಪ್‌ಡೇಟ್ ಬೇಕಾಗಿಯೇ ಇಲ್ಲ, ಸಂದೇಶವನ್ನು ಕಡೆಗಣಿಸಿ ಎಂಬ ಅಭಯ ಸಿಕ್ಕಿತು. ನಲ್ಲಿಯೇ ಇಲ್ಲದ ಮನೆಗೆ ನೀರಿನ ಬಿಲ್ಲು ಕಳುಹಿಸಿ, ಗಾಬರಿಯಾಗಬೇಡಿ ಎಂದಂತೆ.

ಕೋಣೆ ಇದ್ದವರಿಗೆ ಸಿಕ್ಕಿದ್ದು ಚೀಟಿ. ಅದನ್ನು ಮೇಷ್ಟ್ರು ಮುದ್ರಿಸಿ, ಕೆಂಪು ಶಾಯಿಯ ಪೆನ್ನು ಹಿಡಿದು ಓದಲು ಕುಳಿತರೆಂದುಕೊಳ್ಳಿ. ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಪರದೆಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ರಿಕವರಿ ವ್ಯವಸ್ಥೆಯನ್ನು ಮೊದಲು ನಿಷ್ಕ್ರಿಯಗೊಳಿಸಬೇಕು, ಅಂದರೆ ಆಪರೇಷನ್ನಿಗೆ ಮುನ್ನ ವೈದ್ಯರನ್ನು ಮನೆಗೆ ಕಳುಹಿಸಬೇಕು. ಡಿಸ್ಕ್‌ಪಾರ್ಟ್ ಎಂದು ಟೈಪ್ ಮಾಡಿ, ಡಿಸ್ಕ್‌ಗಳ ಪಟ್ಟಿ ತೆಗೆದು, ಸಂಖ್ಯೆ ಕೊಟ್ಟು ಪಾರ್ಟಿಷನ್ ಆಯ್ದು, ವಿಂಡೋಸ್ ಇರುವ ಭಾಗವನ್ನು 250 ಎಂಬಿ ಕುಗ್ಗಿಸಬೇಕು. ಆಮೇಲೆ ರಿಕವರಿ ಪಾರ್ಟಿಷನ್ ಆಯ್ದು 'ಡಿಲೀಟ್ ಪಾರ್ಟಿಷನ್ ಓವರ್‌ರೈಡ್' ಎನ್ನಬೇಕು. ಓವರ್‌ರೈಡ್ ಎಂದರೆ ಯಾರು ಬೇಡವೆಂದರೂ ಕೇಳದೆ ಅಳಿಸು ಎಂದರ್ಥ. ಇಲ್ಲಿ ಸಂಖ್ಯೆಯೊಂದು ತಪ್ಪಿದರೆ ರಿಕವರಿ ಕೋಣೆಯ ಬದಲು ನಾಮಕರಣ, ಊರಿನ ಇತಿಹಾಸ ಎರಡೂ ಹೋದವು. ಅದು ದಾಟಿದರೆ, ಪಟ್ಟಿಯಲ್ಲಿ ಜಿಪಿಟಿ (ಡಿಸ್ಕನ್ನು ಭಾಗ ಮಾಡುವ ಒಂದು ಪದ್ಧತಿ) ಎಂಬ ಕಾಲಮ್ಮಿನ ಕೆಳಗೆ ನಕ್ಷತ್ರವಿದೆಯೇ ನೋಡಬೇಕು. ಇದ್ದರೆ 32 ಅಕ್ಷರಾಂಕಿಗಳೂ ನಾಲ್ಕು ಅಡ್ಡಗೆರೆಗಳೂ ಇರುವ ಐಡಿಯೊಂದನ್ನು ತಪ್ಪಿಲ್ಲದೆ ಟೈಪ್ ಮಾಡಬೇಕು. ನಕ್ಷತ್ರವಿಲ್ಲದವರಿಗೆ ದಾರಿ ಬೇರೆ. ಜಾತಕದಲ್ಲೂ ನಕ್ಷತ್ರ ನೋಡುವಾಗ ಇಷ್ಟು ಬೆವರು ಬರುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಹಾಸಿದವಳೂ ಅವಳೇ, ಪ್ರೇಕ್ಷಕರ ಕೈಗೆ ಹಾರೆ ಕೊಟ್ಟವಳೂ ಅವಳೇ.

ತಿಂಗಳುಗಳು ಉರುಳಿದವು. ಇದಕ್ಕೆ ತಾನಾಗಿ ಆಗುವ ಪರಿಹಾರ ಮುಂದಿನ ಯಾವ ಅಪ್‌ಡೇಟ್‌ನಲ್ಲೂ ಬರುವುದಿಲ್ಲ, ಗೋಡೆಯನ್ನು ನೀವೇ ಸರಿಸಬೇಕು ಎಂದು ಕಂಪನಿ ಸ್ಪಷ್ಟಪಡಿಸಿತು. ಅದೇ ವರ್ಷ ಆ ಅಪ್‌ಡೇಟ್‌ನ ಜಾಗಕ್ಕೆ ಹೊಸತೊಂದನ್ನು ತಂದಿತು. ಅದು ಬರುವುದು ಜಾಗವಿದ್ದ ಕಂಪ್ಯೂಟರ್‌ಗಳಿಗೆ ಮಾತ್ರ. ಉಳಿದವರ ತೆರೆಯಿಂದ ಕೆಂಪಕ್ಷರ ಮಾಯವಾಯಿತು, ಹಿತ್ತಿಲ ಬಾಗಿಲು ಇದ್ದ ಹಾಗೆಯೇ ಇತ್ತು.

ಈ ಮನೆತನದ ಶೈಲಿ ಹೊಸದಲ್ಲ. 2015ರಲ್ಲಿ ವಿಂಡೋಸ್ 10 ಹಾಕಿಕೊಳ್ಳಲು ಹೊರಟ ಕೆಲವರಿಗೆ ಒಂದು ಪೆಟ್ಟಿಗೆ ಕಾಣಿಸಿಕೊಂಡಿತ್ತು. ಅದರ ಶೀರ್ಷಿಕೆ, 'ಏನೋ ಆಯಿತು'. ಕೆಳಗೆ ವಿವರಣೆ, 'ಏನೋ ಆಯಿತು'. ನನ್ನ ಮಟ್ಟಿಗೆ ತಂತ್ರಾಂಶ ಲೋಕದ ಪ್ರಾಮಾಣಿಕ ವಾಕ್ಯವೆಂದರೆ ಅದೊಂದೇ. ಗೆದ್ದಾಗ 'ನಾವು', ಸೋತಾಗ 'ಏನೋ'.

ಇಷ್ಟಾದ ಮೇಲೆ ಮೇಷ್ಟ್ರು ಕಂಪ್ಯೂಟರ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಸಿಪಿಯು ಹೊತ್ತು ಹೋದರೂ ಹೋದಾರು. ಅಲ್ಲಿನ ಹುಡುಗ ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡೇ ಹೇಳುತ್ತಾನೆ: "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್." ತಲೆನೋವಿಗೆ ತಲೆಯನ್ನೇ ತೆಗೆಯುವ ಈ ವೈದ್ಯ ಪದ್ಧತಿಯನ್ನು ನಾನು ಹಂಗಿಸಲಾರೆ, ಆತ ಕನಿಷ್ಠ ಕೆಲಸವನ್ನು ತಾನೇ ಮಾಡುತ್ತಾನೆ. "ವಿಂಡೋಸ್ ಹನ್ನೊಂದು ಹಾಕಪ್ಪ" ಎಂದರೆ ಮಾತ್ರ ತಲೆಯಾಡಿಸುತ್ತಾನೆ. ವಿಂಡೋಸ್ 10ನ್ನು ಕೊನೆಯ ವಿಂಡೋಸ್ ಎಂದು 2015ರಲ್ಲಿ ಕಂಪನಿಯ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ ಹೇಳಿದ್ದರು. 2021ರ ಅಕ್ಟೋಬರ್ 5ಕ್ಕೆ ಹನ್ನೊಂದು ಹುಟ್ಟಿತು. ಅದಕ್ಕೆ ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. ಸಂಬಂಧ ಬೆಳೆಸುವವರೂ ಏಳು ತಲೆಮಾರಿಗೇ ವಿಚಾರಣೆ ನಿಲ್ಲಿಸುತ್ತಾರೆ. ಮೇಷ್ಟ್ರ ಕಂಪ್ಯೂಟರ್ ನಾಲ್ಕನೆಯ ತಲೆಮಾರಿನದು. ಟೈಪ್ ಮಾಡಿದ್ದನ್ನು ಟೈಪ್ ಮಾಡುತ್ತದೆ, ಮುದ್ರಿಸು ಎಂದರೆ ಮುದ್ರಿಸುತ್ತದೆ. ಅದು ಅರ್ಹತೆಯಲ್ಲ. ಕೊನೆಗೆ ಹಳೆ ಗಂಡನ ಪಾದವೇ ಗತಿ ಎಂದು ಹತ್ತಕ್ಕೇ ಮರಳಿದರೆ, ಆ ಗಂಡನಿಗೂ 2025ರ ಅಕ್ಟೋಬರ್ 14ಕ್ಕೆ ಆಯುಷ್ಯ ಮುಗಿಯಿತು.

ಮುಗಿಯಿತು ಎಂದರೆ ಪೂರ್ತಿ ಅಲ್ಲ. ಸುರಕ್ಷತಾ ಅಪ್‌ಡೇಟ್‌ಗಳ ಬಲದಲ್ಲಿ ಇನ್ನೊಂದು ವರ್ಷ ಉಸಿರು ಉಳಿಸಿಕೊಳ್ಳಬಹುದು, 2026ರ ಅಕ್ಟೋಬರ್ 13ರವರೆಗೆ. ಅದಕ್ಕೆ 30 ಡಾಲರ್ ಕೊಡಬೇಕು. ಇಲ್ಲವೇ ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ನಲ್ಲಿ ಇಡಬೇಕು. ಅದೂ ಬೇಡವೆಂದರೆ 1,000 ರಿವಾರ್ಡ್ಸ್ ಪಾಯಿಂಟ್ ಕೊಡಬಹುದು. ಅವರ ಬಿಂಗ್‌ನಲ್ಲಿ ಏನನ್ನಾದರೂ ಹುಡುಕುತ್ತ ಕುಳಿತರೆ ಆ ಪಾಯಿಂಟ್‌ಗಳು ಸೇರುತ್ತ ಹೋಗುತ್ತವೆ.

ಮೇಷ್ಟ್ರಿಗೆ ಡಾಲರ್ ಎಂದರೆ ಅಲರ್ಜಿ. ತಮ್ಮ ಸಾಮಾನನ್ನು ಪರರ ಮನೆಯಲ್ಲಿಡುವುದೂ ಒಗ್ಗದು. ಹುಡುಕುವುದಾದರೆ ಸರಿ, ಖರ್ಚಿಲ್ಲ. ಆದರೆ ಸಾವಿರ ಪಾಯಿಂಟ್ ಆಗುವಷ್ಟು ಹುಡುಕುವುದಾದರೂ ಏನನ್ನು? ರಾತ್ರಿ ಊಟ ಮುಗಿಸಿ, ಹೊದಿಕೆ ತೆಗೆದು, ಒಂದೇ ಬೆರಳಿನಲ್ಲಿ ಟೈಪ್ ಮಾಡತೊಡಗುತ್ತಾರೆ. ಚೀಟಿ ನೋಡಬೇಕಾಗಿಲ್ಲ, ಆ ಸಂಖ್ಯೆ ಅವರಿಗೆ ಬಾಯಿಪಾಠವಾಗಿದೆ.